ದೊಡ್ಡಣ್ಣ ಕೊಡದ ಕಾಯಿ

ದೊಡ್ಡಣ್ಣ ಸಾಧು ಮನುಷ್ಯನೇನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸತ್ತವರ ಬಗ್ಗೆ ಬರೆಯುವವರು ಅವರನ್ನು ಹಾಲಿನಲ್ಲಿ ತೊಳೆದು ನಿಲ್ಲಿಸುತ್ತಾರೆ. ನನಗೆ ಆ ಕೆಲಸ ಬರುವುದಿಲ್ಲ. ತೋಟದ ಬದುವಿಗೆ ಯಾರದೋ ಆಡು ಹತ್ತಿತೆಂದು ಆಡಿನವನ ಮೂರು ತಲೆಮಾರನ್ನು ಬೈದ ಮನುಷ್ಯ ಅವನು. ನನ್ನ ಅಂಗಡಿಯ ಜಗಲಿಯ ಮೇಲೆ ಕೂತು, ನನ್ನದೇ ಬೀಡಿ ಸೇದುತ್ತ, ನನ್ನ ತಕ್ಕಡಿಯನ್ನೇ ಅನುಮಾನಿಸುತ್ತಿದ್ದ. ಅವನ ಮೇಲೆ ನನಗೆ ಎಷ್ಟೋ ಸಲ ಸಿಟ್ಟು ಬಂದಿದೆ. ಆದರೆ ನಮ್ಮೂರು ಅವನಿಗೆ ಮಾಡಿದ್ದನ್ನು ನೆನೆದಾಗ ಊರಿನ ಮೇಲೆ ಬರುವ ಸಿಟ್ಟು ಅದಕ್ಕಿಂತ ದೊಡ್ಡದು.

ನಮ್ಮೂರು ಹಂದನಕೆರೆಯಿಂದ ಹುಳಿಯಾರಿಗೆ ಹೋಗುವ ದಾರಿಯಲ್ಲಿದೆ. ಬಸ್ಸು ನಿಲ್ಲುವ ಕಡೆಯೇ ನನ್ನ ಅಂಗಡಿ. ಇಡೀ ಊರಿಗೆ ಬರುತ್ತಿದ್ದದ್ದು ಒಂದೇ ಪತ್ರಿಕೆ, ಅದೂ ನನ್ನ ಹೆಸರಿಗೆ. ಎಲ್ಲರೂ ಕೂತು ಕೇಳುತ್ತಿದ್ದ ರೇಡಿಯೋವೂ ನನ್ನದೇ. ಹಾಗಾಗಿ ದೇಶದಲ್ಲಿ ಏನೇ ನಡೆಯಲಿ, ಅದರ ಜಗಳ ಮಾತ್ರ ಈ ಮಲ್ಲಿಕಾರ್ಜುನಯ್ಯನ, ಅಂದರೆ ನನ್ನ, ಜಗಲಿಯ ಮೇಲೇ ಆಗಬೇಕಿತ್ತು. ದೊಡ್ಡಣ್ಣನ ತೋಟ ಅಂಗಡಿಯ ಹಿಂದೆಯೇ ಇದ್ದದ್ದರಿಂದ ಜಗಳ ಶುರುವಾದ ಸದ್ದು ಕೇಳಿದರೆ ಸಾಕು, ಕೈಲಿದ್ದ ಗುದ್ದಲಿಯನ್ನು ಅಲ್ಲೇ ಬಿಟ್ಟು ಬಂದುಬಿಡುತ್ತಿದ್ದ.

ಹಠವೆಂದರೆ ಅವನದು ಅಟ್ಟದ ಹಠ. ನಮ್ಮ ಕಡೆ ಕಾಯಿಯನ್ನು ಕಿತ್ತ ಕೂಡಲೇ ಮಾರುವುದಿಲ್ಲ. ಅಟ್ಟದ ಮೇಲೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ, ಒಳಗಿನ ನೀರು ಬತ್ತಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಲೊಟಲೊಟ ಅನ್ನುವ ತನಕ ಕಾಯುತ್ತೇವೆ. ತಿಪಟೂರಿನಲ್ಲಿ ಧಾರಣೆ ಏರಿತೆಂದರೆ ಬೇರೆಯವರು ಆತುರಬಿದ್ದು ಇಳಿಸುತ್ತಿದ್ದರು. ದೊಡ್ಡಣ್ಣ ಏಣಿ ಹತ್ತಿ ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇನ್ನೂ ಆಗಿಲ್ಲ" ಎಂದು ಇಳಿದುಬಿಡುತ್ತಿದ್ದ. ಅವನ ಹೆಂಡತಿ ನಿಂಗಮ್ಮ ಏಣಿಯ ಬುಡದಲ್ಲಿ ನಿಂತು ಗೊಣಗಿದ್ದೇ ಬಂತು.

ಇನ್ನು ಊರಿನ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮಳೆ ಕೈಕೊಟ್ಟರೆ, ದನಗಳಿಗೆ ರೋಗ ಬಂದರೆ, ಊರೆಲ್ಲ ಸೇರಿ ಆಂಜನೇಯನಿಗೆ ಈಡುಗಾಯಿ ಒಡೆಯುತ್ತಾರೆ. ಮನೆಗೊಂದು ಜುಟ್ಟಿನ ಕಾಯಿ. ತಳವಾರ ದುರ್ಗಯ್ಯ ಬಿದಿರಿನ ಮಂಕರಿ ಹೊತ್ತು ಬಾಗಿಲು ಬಾಗಿಲಿಗೆ ಬರುತ್ತಾನೆ. ಬಡವರಿಲ್ಲ, ಬಲ್ಲಿದರಿಲ್ಲ, ಎಲ್ಲರೂ ಹಾಕಬೇಕು. ಸಾವಾಗಿ ಸೂತಕ ಹಿಡಿದಿರುವ ಮನೆಯವರು ಮಾತ್ರ ಹಾಕುವಂತಿಲ್ಲ. ಆಮೇಲೆ ದುರ್ಗಯ್ಯ ಗುಡಿಯ ಮುಂದೆ ಮಂಕರಿ ಇಳಿಸಿ ದೇವರಿಗೆ ಗಟ್ಟಿಯಾಗಿ ಒಪ್ಪಿಸಬೇಕು: ಎಲ್ಲ ಮನೆಯ ಕಾಯೂ ಬಂದಿದೆ, ಇಂಥವರ ಮನೆ ಸೂತಕ, ಕೋಪ ಮಾಡಿಕೋಬೇಡ ಸ್ವಾಮಿ ಎಂದು. ಕಾಯಿ ಬಾರದಿರುವುದಕ್ಕೆ ನಮ್ಮೂರಿನಲ್ಲಿ ಇರುವುದು ಅದೊಂದೇ ಕಾರಣ. ನಮ್ಮ ವಂಶದವರು ಲಿಂಗವಂತರು, ನಮ್ಮ ಮನೆಗಳಲ್ಲಿ ಸೂತಕ ಹಿಡಿಯುವುದಿಲ್ಲ. ಆದರೂ ಊರ ಕೆಲಸಕ್ಕೆ ಊರ ರೀತಿಯಂತೆ ನಡೆಯುತ್ತೇವೆ.

ಎಪ್ಪತ್ತೊಂದರ ಯುದ್ಧದಲ್ಲಿ ಇದೇ ದೊಡ್ಡಣ್ಣ ಒಂದು ಮೂಟೆ ಕಾಯಿಯನ್ನು ಹೆಗಲ ಮೇಲೆ ಹೊತ್ತು ತಂದು ಗುಡಿಯ ಮುಂದೆ ತಾನೇ ಒಡೆದಿದ್ದ. ಗೆದ್ದ ಸುದ್ದಿ ರೇಡಿಯೋದಲ್ಲಿ ಬಂದಾಗ ನನ್ನ ಅಂಗಡಿಯ ಬೆಲ್ಲವನ್ನು ಕೇಳದೆ ಹಂಚಿದ. ಮಗ ರಂಗಧಾಮ ಆಗ ಚಿಕ್ಕವನು. ಅಪ್ಪನ ಹೆಗಲ ಮೇಲೆ ಕೂತು ಆ ಗಲಾಟೆಯನ್ನೆಲ್ಲ ನೋಡಿದ್ದ. ದೊಡ್ಡವನಾದ ಮೇಲೆ ಸೈನ್ಯಕ್ಕೆ ಸೇರುತ್ತೇನೆಂದು ಹೊರಟಾಗ ದೊಡ್ಡಣ್ಣ ಬೇಡ ಅನ್ನಲಿಲ್ಲ. ರಜೆಗೆ ಬಂದ ಮಗನನ್ನು ಕರೆದುಕೊಂಡು ಸುಮ್ಮನೆ ಊರೆಲ್ಲ ಸುತ್ತಿ ಬರುತ್ತಿದ್ದ. ಕೆಲಸವೇನೂ ಇರುತ್ತಿರಲಿಲ್ಲ, ಜನ ನೋಡಬೇಕಿತ್ತು, ಅಷ್ಟೆ. ರಂಗಧಾಮನಿಗೆ ಬೋರನಕಣಿವೆಯ ಹತ್ತಿರದ ಊರಿನ ಹೊಂಬಾಳಮ್ಮನನ್ನು ತಂದರು. ಒಂದು ಹೆಣ್ಣು ಮಗುವಾಯಿತು. ದೊಡ್ಡಣ್ಣ ಆ ಮೊಮ್ಮಗಳನ್ನು ನೆಲಕ್ಕೇ ಬಿಡುತ್ತಿರಲಿಲ್ಲ.

ಎಂಬತ್ತೇಳರ ಆಷಾಢ ಕಳೆಯುತ್ತಿದ್ದ ಹಾಗೆ ಸರ್ಕಾರ ಶ್ರೀಲಂಕಾಕ್ಕೆ ಸೈನ್ಯ ಕಳಿಸಿತು. ಅಲ್ಲಿನ ಜಗಳ ಬಿಡಿಸಿ ಶಾಂತಿ ಮಾಡಿಸಲು ಹೋಗಿದ್ದಾರೆ ಎಂದು ರೇಡಿಯೋ ಹೇಳಿತು. ರಂಗಧಾಮನೂ ಹೋದ. 'ಇಲ್ಲಿಯೂ ಎಲ್ಲಿ ನೋಡಿದರೂ ತೆಂಗು, ನಮ್ಮೂರಿನಂತೆಯೇ ಇದೆ' ಎಂದು ಬರೆದಿದ್ದ. ದಸರೆ ಮುಗಿಯುವ ಹೊತ್ತಿಗೆ ರೇಡಿಯೋದ ಮಾತು ಬದಲಾಯಿತು. ಜಗಳ ಬಿಡಿಸಲು ಹೋದವರೇ ಈಗ ಒಂದು ಕಡೆಯವರ ಮೇಲೆ ಯುದ್ಧ ಮಾಡುತ್ತಿದ್ದರು.

ಅವತ್ತು ಜಗಲಿಯ ಮೇಲೆ ದೊಡ್ಡ ವಾದವೇ ಆಯಿತು. ನನ್ನ ದೊಡ್ಡಪ್ಪನ ಮಗ ವೀರಭದ್ರಯ್ಯ ಕೊಬ್ಬರಿ ವ್ಯಾಪಾರಿ. ಹೊಸದಾಗಿ ಮಂಡಲ ಪಂಚಾಯಿತಿಯ ಪ್ರಧಾನನೂ ಆಗಿದ್ದ. ಆ ಹೊಸತರಲ್ಲಿ ಅವನು ಕೆಮ್ಮಿದರೂ ಭಾಷಣದ ಹಾಗೆ ಕೇಳುತ್ತಿತ್ತು.

"ಸರ್ಕಾರ ಮಾಡಿರೋದು ಸರಿಯಾಗೈತೆ. ಒಂದ್ಸಲ ಕೈ ಹಾಕಿದ್ ಮೇಲೆ ಮುಗಿಸೇ ಬರಬೇಕು. ನಮ್ಮ ಆಂಜನೇಯ ಲಂಕೆ ಸುಟ್ಟು ಬಂದೋನಲ್ವಾ?" ಎಂದ.

ದೊಡ್ಡಣ್ಣ ಬೀಡಿ ಕೆಳಗಿಟ್ಟ. "ಆಂಜನೇಯ ಸೀತಮ್ಮನ್ನ ಹುಡುಕ್ಕಂಡು ಹೋಗಿದ್ದ ಕಣಪ್ಪ. ಇವರು ಏನು ಹುಡುಕ್ಕಂಡು ಹೋದ್ರು? ನಾಕು ದಿನದ ಹಿಂದೆ ಶಾಂತಿ ಅಂದ್ರು, ಈಗ ಗುಂಡು ಅಂತಾರೆ. ಇಬ್ಬರು ದಾಯಾದಿಗಳು ಹೊಡೆದಾಡುವಾಗ ಮಧ್ಯ ಹೋದೋನು ಬಿಡಿಸಬೇಕು, ಇಲ್ಲ ವಾಪಸ್ ಬರಬೇಕು. ತಾನೇ ಮಚ್ಚು ಹಿಡೀತಾನಾ?"

"ಮಗ ಅವ್ನೆ ಅಂತ ಇಂಗಂತೀಯ. ಎಪ್ಪತ್ತೊಂದರಲ್ಲಿ ಮೂಟೆಗಟ್ಲೆ ಒಡೆದೋನು ನೀನೇ ಅಲ್ವಾ?"

"ಹೌದು ಒಡೆದೆ. ಅವತ್ತು ಸತ್ತೋರು ಬೇರೆಯೋರ ಮಕ್ಕಳು. ಆವಾಗ ನನಗೆ ಬುದ್ಧಿ ಇರಲಿಲ್ಲ. ಈಗ ಮಗ ಅಲ್ಲವ್ನೆ, ಬುದ್ಧಿ ಬಂದೈತೆ. ನಾನು ಹೇಳ್ದೆ ಇನ್ಯಾರು ಹೇಳ್ತಾರೆ, ನೀನು ಹೇಳ್ತೀಯಾ?"

ಜಗಲಿಯ ಮೇಲಿದ್ದವರಲ್ಲಿ ಕೆಲವರು ಹೌದೌದು ಅಂದರು. ವೀರಭದ್ರಯ್ಯ ತಿರುಗಿ ನೋಡಿದ ಕೂಡಲೇ ಅವರೇ ಸುಮ್ಮನಾದರು. ನಮ್ಮ ಜನದ ಅಭಿಪ್ರಾಯ ಅಷ್ಟರದೇ.

ಬರುವ ಶನಿವಾರ ನಮ್ಮ ಸೈನ್ಯದ ಜಯಕ್ಕಾಗಿ ಈಡುಗಾಯಿ ಒಡೆಯುವುದೆಂದು ವೀರಭದ್ರಯ್ಯ ಡಂಗುರ ಹಾಕಿಸಿದ. ತಾಲ್ಲೂಕು ಕಚೇರಿಯವರನ್ನೂ ಕರೆದಿದ್ದ. ದೊಡ್ಡಣ್ಣ ಅವನ ಮನೆಗೇ ಹೋಗಿ ಕೇಳಿದ. ನಾನೂ ಜೊತೆಗಿದ್ದೆ.

"ಹುಡುಗರೆಲ್ಲ ಸುಖವಾಗಿ ಊರಿಗೆ ಬರಲಿ ಅಂತ ಪೂಜೆ ಮಾಡ್ಸು, ನನ್ನ ಅಟ್ಟವನ್ನೇ ಖಾಲಿ ಮಾಡ್ತೀನಿ. ಗೆಲ್ಲಲಿ ಅಂತ ಮಾಡಿದ್ರೆ ಒಂದು ಕಾಯಿನೂ ಕೊಡಲ್ಲ. ಗೆಲ್ಲೋದು ಅಂದ್ರೆ ಇನ್ನಷ್ಟು ದಿನ ಹೊಡೆದಾಡೋದು ತಾನೆ?"

"ಎಲ್ಲಾ ಕಡೆ ಹೇಳಿಯಾಗೈತೆ ದೊಡ್ಡಣ್ಣ. ಬದಲಾಯಿಸಾಕಾಗಲ್ಲ" ಎಂದ ವೀರಭದ್ರಯ್ಯ. ಬದಲಾಯಿಸಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಅದನ್ನು ನಾನು ಅಲ್ಲೇ ಹೇಳಿದೆ. ನನ್ನ ಮಾತಿಗೆ ಅವನ ಮನೆಯಲ್ಲಿ ಯಾವತ್ತೂ ಅಷ್ಟು ಬೆಲೆಯಿಲ್ಲ.

ಶನಿವಾರ ಬೆಳಗ್ಗೆ ದುರ್ಗಯ್ಯ ಮಂಕರಿ ಹೊತ್ತು ದೊಡ್ಡಣ್ಣನ ಬಾಗಿಲಿಗೆ ಬಂದ. ಹೊಂಬಾಳಮ್ಮ ಒಳಗಿನಿಂದ ಕಾಯಿ ತಂದಳು. ಜುಟ್ಟು ಬಿಟ್ಟು ಚೆನ್ನಾಗಿ ಸುಲಿದು ಅರಿಶಿನ ಹಚ್ಚಿದ್ದಳು. ಇನ್ನೇನು ಮಂಕರಿಗೆ ಹಾಕಬೇಕು, ಅಷ್ಟರಲ್ಲಿ ದೊಡ್ಡಣ್ಣ ಕೊಟ್ಟಿಗೆಯಿಂದ ಬಂದು ಅವಳ ಕೈಯಿಂದ ಅದನ್ನು ತೆಗೆದುಕೊಂಡ. ಬೈಯಲಿಲ್ಲ, ಕಿತ್ತುಕೊಳ್ಳಲಿಲ್ಲ, ಮಗುವಿನ ಕೈಯಿಂದ ಕುಡುಗೋಲು ತೆಗೆದುಕೊಳ್ಳುವ ಹಾಗೆ ನಿಧಾನವಾಗಿ ತೆಗೆದುಕೊಂಡು ಒಳಗಿಟ್ಟ.

"ಮಾವ, ಊರೋರು ಹೆಂಗಾನ ಮಾಡ್ಕಳ್ಳಿ. ನಾನು ನಮ್ಮನೆಯೋರು ಬರಲಿ ಅಂತ ಹಾಕ್ತೀನಿ" ಎಂದಳು ಹೊಂಬಾಳಮ್ಮ.

"ಹಾಕಿದ್ ಮೇಲೆ ನಿನ್ನ ಕಾಯಿ ಯಾವುದು, ಅವರ ಕಾಯಿ ಯಾವುದವ್ವ? ಎಲ್ಲಾ ಒಂದೇ ಕಲ್ಲಿಗೆ ಒಡೆಯೋದು. ದುರ್ಗಯ್ಯ, ನಮ್ಮನೇದು ಇಲ್ಲ ಅಂತ ಹೇಳಪ್ಪ" ಎಂದ ದೊಡ್ಡಣ್ಣ.

ದುರ್ಗಯ್ಯ ಮಂಕರಿಯನ್ನು ತಲೆಗೇರಿಸಿಕೊಂಡು ಮುಂದಿನ ಮನೆಗೆ ಹೋದ. ಅವನ ಕಾಲದಲ್ಲಾಗಲಿ ಅವನ ಅಪ್ಪನ ಕಾಲದಲ್ಲಾಗಲಿ ಯಾರೂ ಇಲ್ಲ ಅಂದಿರಲಿಲ್ಲ.

ಗುಡಿಯ ಮುಂದೆ ಊರೆಲ್ಲ ಸೇರಿತ್ತು. ದೊಡ್ಡಣ್ಣ ಬಂದಿರಲಿಲ್ಲ. ಹೊಂಬಾಳಮ್ಮ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಹೆಂಗಸರ ಸಾಲಿನ ಹಿಂದೆ ನಿಂತಿದ್ದಳು. ವೀರಭದ್ರಯ್ಯನ ಭಾಷಣ ಮುಗಿಯಿತು. ದುರ್ಗಯ್ಯ ಮಂಕರಿ ಇಳಿಸಿ, ಹೆಗಲ ವಸ್ತ್ರ ಸೊಂಟಕ್ಕೆ ಸುತ್ತಿ, ದೇವರಿಗೆ ಒಪ್ಪಿಸಲು ಶುರುಮಾಡಿದ. ಎಲ್ಲ ಮನೆಯದೂ ಬಂದಿದೆ ಅಂದ. ಆಮೇಲೆ ತಡೆದು ನಿಂತ. ದೇವರ ಮುಂದೆ ಸುಳ್ಳು ಹೇಳುವಂತಿಲ್ಲ. ಕೊಡಲ್ಲ ಅಂದರು ಎಂದರೆ ದೇವರಿಗೂ ಕೋಪ, ಪ್ರಧಾನರಿಗೂ ಕೋಪ. ದೊಡ್ಡಣ್ಣನನ್ನು ಉಳಿಸಬೇಕೆಂದೇ ಅವನ ಮನಸ್ಸಿನಲ್ಲಿದ್ದದ್ದು. ಅವನ ಬಾಯಿಗೆ ಬಂದದ್ದು ಅವನಿಗೆ ಗೊತ್ತಿದ್ದ ಒಂದೇ ಮಾತು.

"ದೊಡ್ಡಣ್ಣನೋರ ಮನೆ ಸೂತಕ. ಕ್ವಾಪ ಮಾಡ್ಕಬ್ಯಾಡ ಸ್ವಾಮಿ."

ಹೊಂಬಾಳಮ್ಮ ಅಳಲಿಲ್ಲ. ಕಂಕುಳಲ್ಲಿದ್ದ ಮಗುವಿನ ತಲೆಯ ಮೇಲೆ ಸೆರಗು ಎಳೆದು ಅಲ್ಲಿಂದ ಹೊರಟುಹೋದಳು. ವೀರಭದ್ರಯ್ಯನ ಮುಖವೂ ಬಿಳಿಚಿಕೊಂಡಿತ್ತು, ಸುಳ್ಳೇಕೆ ಹೇಳಲಿ. ಆದರೆ ತಾಲ್ಲೂಕು ಕಚೇರಿಯವರು ಕಾಯುತ್ತಿದ್ದರು. "ಒಡೀರಪ್ಪ, ಒಡೀರಿ" ಎಂದ. ಒಡೆದರು. ಎಪ್ಪತ್ತೊಂದರಲ್ಲಿ ಒಡೆದದ್ದಕ್ಕಿಂತ ಜಾಸ್ತಿಯೇ ಒಡೆದರು. ಕಾಯಿನೀರು ಹೊರಗಿನ ದಾರಿಯವರೆಗೂ ಹರಿಯಿತು.

ಅವತ್ತು ಮಧ್ಯಾಹ್ನ ದುರ್ಗಯ್ಯ ದೊಡ್ಡಣ್ಣನ ಅಂಗಳಕ್ಕೆ ಬಂದು ಕುಕ್ಕರುಗಾಲಿನಲ್ಲಿ ಕೂತು ತಲೆ ಚಚ್ಚಿಕೊಂಡ. "ಇನ್ನೇನು ಅನ್ನಲಿ ಬುದ್ಧಿ, ಬ್ಯಾರೆ ಮಾತು ಇಲ್ವಲ್ಲ" ಎಂದ. "ನೀನೇನು ಮಾಡ್ತೀಯ ಬುಡು" ಅಂದ ದೊಡ್ಡಣ್ಣ. ಅವನಿಗೆ ಗಂಜಿ ಹಾಕಿಸಿ ಕಳಿಸಿದ. ನನಗಾಗಿದ್ದರೆ ಅಷ್ಟು ಒಳ್ಳೆಯತನ ಬರುತ್ತಿರಲಿಲ್ಲ.

ದೀಪಾವಳಿ ಕಳೆದು ಕಾರ್ತಿಕದಲ್ಲಿ ಹುಳಿಯಾರಿನಿಂದ ಒಬ್ಬ ಪೊಲೀಸಿನವನು ಬಂದು ನನ್ನ ಅಂಗಡಿಯಲ್ಲಿ ಸೈಕಲ್ ನಿಲ್ಲಿಸಿ ದೊಡ್ಡಣ್ಣನ ಮನೆ ಯಾವುದೆಂದು ಕೇಳಿದ. ನಾನು ಬೆರಳು ತೋರಿಸಿದೆ. ಕೇಳಬೇಕಾದ್ದೇನೂ ಉಳಿದಿರಲಿಲ್ಲ. ದೇಹ ಬರಲಿಲ್ಲ, ಅಲ್ಲೇ ಸುಟ್ಟಿದ್ದರು. ಇಬ್ಬರು ಸಿಪಾಯಿಗಳು ಬೂದಿಯ ಕುಡಿಕೆಯನ್ನೂ ಒಂದು ಟ್ರಂಕನ್ನೂ ತಂದುಕೊಟ್ಟರು. ನಿಂಗಮ್ಮ ಆ ಟ್ರಂಕನ್ನು ತಬ್ಬಿಕೊಂಡು ಬಿಡಲೇ ಇಲ್ಲ.

ರಂಗಧಾಮ ಸತ್ತದ್ದು ಆ ಶನಿವಾರ ಕಳೆದು ಎಷ್ಟೋ ದಿನಗಳ ಮೇಲೆ. ಹಾಗೆಂದು ಸಿಪಾಯಿಗಳೇ ಹೇಳಿದರು. ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಯಾರಿಗಿತ್ತು? ಬದುಕಿದ್ದ ಮಗನ ಮೇಲೆ ಅಪ್ಪನೇ ಸೂತಕ ಹೇಳಿಸಿದ ಅಂದರು. ದುರ್ಗಯ್ಯ ಒಪ್ಪಿಸಿದ್ದನ್ನು ದೇವರು ಒಪ್ಪಿಕೊಂಡ ಅಂದರು. ಬಾವಿಕಟ್ಟೆಯ ಮೇಲೆ ಅಂದದ್ದು ನಿಂಗಮ್ಮನ ಕಿವಿಗೂ ಬಿತ್ತು, ಹೊಂಬಾಳಮ್ಮನ ಕಿವಿಗೂ ಬಿತ್ತು. ಗುಂಡು ಹೊಡೆದವನು ಯಾರು, ಕಳಿಸಿದವರು ಯಾರು ಎಂದು ಊರಿನಲ್ಲಿ ಒಬ್ಬರಾದರೂ ಕೇಳಲಿಲ್ಲ. ಒಂದು ತೆಂಗಿನಕಾಯಿ ಎಲ್ಲರ ಪಾಪವನ್ನೂ ಹೊತ್ತುಕೊಂಡಿತು.

ಶಾಲೆಯ ಬಯಲಿನಲ್ಲಿ ಶ್ರದ್ಧಾಂಜಲಿ ಸಭೆಯಾಯಿತು. ವೀರಮರಣದ ಬಗ್ಗೆ ವೀರಭದ್ರಯ್ಯ ಗಂಟೆಗಟ್ಟಲೆ ಮಾತಾಡಿದ. ದೊಡ್ಡಣ್ಣನನ್ನು ವೇದಿಕೆಗೆ ಕರೆದು ಹಾರ ಹಾಕಿದರು. ಅವನು ಹಾರ ತೆಗೆದು ಮೇಜಿನ ಮೇಲಿಟ್ಟು ಮೈಕಿನ ಮುಂದೆ ಹೋಗಿ ನಿಂತ.

"ನನ್ನ ಮಗ ಯಾಕೆ ಸತ್ತ ಅಂತ ನಿಮ್ಮಲ್ಲಿ ಯಾರಿಗಾನ ಗೊತ್ತಿದ್ರೆ ಹೇಳ್ರಪ್ಪ. ನನಗೊತ್ತಿಲ್ಲ. ಅಲ್ಲಿ ಇನ್ನೂ ಬೇಕಾದಷ್ಟು ಹುಡುಗರು ಅವ್ರೆ. ಅವರನ್ನ ಕರೆಸ್ಕಳಿ ಅಂತ ಊರೋರೆಲ್ಲ ಸೇರಿ ಸರ್ಕಾರಕ್ಕೆ ಬರೆಯೋಣ. ನಾನು ಮೊದಲು ಹೆಬ್ಬೆಟ್ಟು ಒತ್ತುತೀನಿ."

ಹಿಂದಿನಿಂದ ಯಾರೋ ಹೇಳಿದರು, ಕೂಗಿ ಸಹ ಅಲ್ಲ, ಸಾಮಾನ್ಯ ದನಿಯಲ್ಲೇ: "ಕಾಯಿ ಕೊಡದೋನು ಮಾತಾಡ್ಬಾರ್ದು."

ದೊಡ್ಡಣ್ಣ ಮೈಕಿನಿಂದ ಹಿಂದೆ ಸರಿದ. ಮೊದಲ ಸಾಲಿನಲ್ಲಿ ಕೂತಿದ್ದ ಹೊಂಬಾಳಮ್ಮನ ಕಡೆ ನೋಡಿದ. ಅವಳು ತಲೆ ಎತ್ತಲಿಲ್ಲ. ವೇದಿಕೆ ಇಳಿದು ಮನೆಗೆ ಹೋದ.

ತಿಥಿ ಮುಗಿದ ಮೇಲೆ ಹೊಂಬಾಳಮ್ಮ ಮಗುವನ್ನು ಕರೆದುಕೊಂಡು ತವರಿಗೆ ಹೋದಳು. ತಿಂಗಳಿಗೆ ಬರಬಹುದು, ಯುಗಾದಿಗೆ ಬರಬಹುದು ಎಂದು ನಿಂಗಮ್ಮ ಕಾದಳು. ಅವಳು ಬರಲಿಲ್ಲ. ದೊಡ್ಡಣ್ಣ ಎರಡು ಮೂರು ಸಲ ಹೋಗಿಬಂದ. ಮಗುವನ್ನು ಹೊರಗೆ ಕಳಿಸಲಿಲ್ಲವಂತೆ. ಬೇರೇನೂ ಹೇಳುತ್ತಿರಲಿಲ್ಲ. ಸರ್ಕಾರದ ಜೊತೆ, ಪ್ರಧಾನನ ಜೊತೆ, ಇಡೀ ಊರಿನ ಜೊತೆ ಮಾತು ಕಡಿದುಕೊಂಡು ಬದುಕಬಲ್ಲ ಮನುಷ್ಯ ಅವನು. ಆ ಇಬ್ಬರಿಲ್ಲದೆ ಬದುಕುವುದು ಅವನಿಗೆ ಬರಲಿಲ್ಲ. ಅವಳ ಬಾಯಲ್ಲಿ ನಿನ್ನ ತಪ್ಪಿಲ್ಲ ಅನ್ನಿಸಿಕೊಳ್ಳಬೇಕು, ಮೊಮ್ಮಗಳು ಮನೆಗೆ ಬರಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಊರು ಇನ್ನೊಂದು ಕೆಲಸ ಮಾಡಿತು. ಆಮೇಲೆ ಮಳೆಗೆಂದು ಈಡುಗಾಯಿ ಎತ್ತಿದಾಗ ಮಂಕರಿ ದೊಡ್ಡಣ್ಣನ ಬಾಗಿಲಲ್ಲಿ ನಿಲ್ಲಬಾರದೆಂದು ದುರ್ಗಯ್ಯನಿಗೆ ಹೇಳಿದರು. ಆ ಮನೆಗೆ ಸೂತಕ ಕಳೆಯುವುದೇ ಇಲ್ಲವಂತೆ. ಹಾಗೆಂದು ಯಾವ ಶಾಸ್ತ್ರದಲ್ಲಿದೆಯೋ ನನಗೆ ತಿಳಿಯದು. ನಿಂಗಮ್ಮ ಪ್ರತಿ ಸಲವೂ ಒಂದು ಕಾಯಿ ಸುಲಿದು ಹೊಸ್ತಿಲ ಮೇಲೆ ಇಡುತ್ತಿದ್ದಳು. ದುರ್ಗಯ್ಯ ಮುಖ ಆ ಕಡೆ ಮಾಡಿ ದಾಟಿ ಹೋಗುತ್ತಿದ್ದ. ಸಂಜೆಗೆ ಅವಳೇ ಅದನ್ನು ಒಡೆದು ಸಾರಿಗೆ ಹಾಕುತ್ತಿದ್ದಳು.

ಎಂಬತ್ತೊಂಬತ್ತರ ಚುನಾವಣೆಯಲ್ಲಿ ದಿಲ್ಲಿಯ ಸರ್ಕಾರ ಬದಲಾಯಿತು. ಅಷ್ಟು ಹೊತ್ತಿಗೆ ಸೈನ್ಯ ವಾಪಸ್ ಬರತೊಡಗಿತ್ತು. ಹೋದದ್ದೇ ತಪ್ಪು, ಸತ್ತ ಹುಡುಗರೆಲ್ಲ ವೃಥಾ ಸತ್ತರು ಎಂದು ಪತ್ರಿಕೆಯಲ್ಲಿ ದೊಡ್ಡ ದೊಡ್ಡವರೇ ಬರೆದರು. ಒಂದು ದಿನ ವೀರಭದ್ರಯ್ಯ ನನ್ನ ಜಗಲಿಯ ಮೇಲೆ, ಅದೇ ಜಾಗದಲ್ಲಿ ಕೂತು, "ನಾನು ಮೊದಲಿಂದ್ಲೂ ಹೇಳ್ತಿದ್ದೆ, ಯಾರದೋ ಮನೆ ಜಗಳ ಅದು" ಅಂದ. ಕೂತಿದ್ದವರು ತಲೆಯಾಡಿಸಿದರು. ನನಗೆ ಕೈಲಿದ್ದ ಸೇರನ್ನು ಅವನ ಮೇಲೆ ಎಸೆಯುವಷ್ಟು ಸಿಟ್ಟು ಬಂತು. ದೊಡ್ಡಪ್ಪನ ಮಗನಾದನಲ್ಲ, ಎಸೆಯಲಿಲ್ಲ. ಪತ್ರಿಕೆಯನ್ನು ಚೀಲಕ್ಕೆ ಹಾಕಿಕೊಂಡೆ. ಮಾರನೆಯ ದಿನವೇ ಅಂಗಡಿ ಮುಚ್ಚಿ ದೊಡ್ಡಣ್ಣನನ್ನು ಎಬ್ಬಿಸಿಕೊಂಡು ಬೋರನಕಣಿವೆಯ ಕಡೆಗೆ ಬಸ್ಸು ಹತ್ತಿದೆ. ಇಡೀ ದೇಶವೇ ನಿನ್ನ ಮಾವ ಹೇಳಿದ್ದನ್ನು ಹೇಳುತ್ತಿದೆ ಎಂದು ಅವಳಿಗೆ ತೋರಿಸಿದರೆ ಕೆಲಸವಾದೀತೆಂದು ನನ್ನ ಲೆಕ್ಕ.

ಹೊಂಬಾಳಮ್ಮ ಅಂಗಳದಲ್ಲಿ ಸೋಗೆ ಹೆಣೆಯುತ್ತ ಕೂತಿದ್ದಳು. ನಮ್ಮನ್ನು ಕಂಡು ಎದ್ದು ಚಾಪೆ ಹಾಕಿದಳು, ನೀರು ಕೊಟ್ಟಳು, ಕಾಫಿ ಕಾಸಿದಳು. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ಮಗು ಬಾಗಿಲ ಹಿಂದಿನಿಂದ ಇಣುಕಿತು. ದೊಡ್ಡಣ್ಣ ಚೀಲದಿಂದ ಒಂದು ಉಂಡೆ ಕೊಬ್ಬರಿ ತೆಗೆದು ಕೈ ಚಾಚಿದ. ಮಗು ತಾಯಿಯ ಮುಖ ನೋಡಿ ಒಳಗೆ ಹೋಯಿತು. ಅವನು ಯಾರೆಂದು ಅದಕ್ಕೆ ಗೊತ್ತಿರಲಿಲ್ಲ.

ನಾನು ಪತ್ರಿಕೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮಾವ ಹೇಳಿದ್ದು ಸರಿ ಅಂತ ನನಗೆ ಅವತ್ತೇ ಗೊತ್ತಿತ್ತು. ನಮ್ಮನೆಯೋರಿಗೂ ಅಲ್ಲಿ ಇರೋಕೆ ಮನಸಿರಲಿಲ್ಲ. ಪೇಪರ್ನೋರು ಹೇಳಬೇಕಾಗಿಲ್ಲ" ಎಂದಳು. ಆಮೇಲೆ ದೊಡ್ಡಣ್ಣನ ಕಡೆ ತಿರುಗಿದಳು. "ಆದ್ರೆ ಕಾಯಿ ನನ್ನ ಕೈಲಿತ್ತು ಮಾವ. ಹಾಕಿಬುಟ್ಟಿದ್ರೆ ಆಗ್ತಿತ್ತು. ನೀವು ಬಿಡಲಿಲ್ಲ."

ನಾನು ಬಾಯಿ ತೆರೆದೆ. ದೊಡ್ಡಣ್ಣ ನನ್ನ ಮೊಣಕೈ ಹಿಡಿದು ಅದುಮಿದ.

"ಹೌದು ಕಣವ್ವ. ತಪ್ಪು ನಂದೇ. ಕೊಡಬೇಕಾಗಿತ್ತು" ಎಂದ.

ಅವಳು ಇದಕ್ಕೇ ಎರಡು ವರ್ಷದಿಂದ ಕಾಯುತ್ತಿದ್ದಳೋ ಏನೋ. ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮನೆಗೆ ಬಾ ಎಂದು ದೊಡ್ಡಣ್ಣ ಕರೆಯಲಿಲ್ಲ. ಬರುತ್ತೇನೆಂದು ಅವಳೂ ಅನ್ನಲಿಲ್ಲ. ಉಂಡೆ ಕೊಬ್ಬರಿಯನ್ನು ಚಾಪೆಯ ಮೇಲೆ ಬಿಟ್ಟು ನಾವು ಎದ್ದು ಬಂದೆವು.

ಬಸ್ಸಿನಲ್ಲಿ ನಾನು ಅವನ ಮೇಲೆ ಹರಿಹಾಯ್ದೆ. ಏನು ಮಾತು ಅದು, ನಿನಗೆ ತಲೆ ಕೆಟ್ಟಿದೆಯಾ, ಕಾಯಿ ಹಾಕಿದ್ದರೆ ಗುಂಡು ನಿಲ್ಲುತ್ತಿತ್ತಾ, ಇನ್ನು ಅವಳು ಈ ಜನ್ಮದಲ್ಲಿ ನಿನ್ನ ಮನೆಗೆ ಬರುತ್ತಾಳಾ ಎಂದೆ. ಬಸ್ಸು ಹುಳಿಯಾರು ಬಿಟ್ಟ ಮೇಲೆ ದೊಡ್ಡಣ್ಣ ಬಾಯಿಬಿಟ್ಟ.

"ಕಾಯಿಗೆ ಗುಂಡು ನಿಲ್ಲಲ್ಲ, ಗೊತ್ತು ಕಣಪ್ಪ. ಬರಲ್ಲ ಅನ್ನೋದೂ ಗೊತ್ತು. ಆದ್ರೆ ಚಿಕ್ಕ ಹುಡುಗಿ, ಅಷ್ಟೊಂದು ಸಿಟ್ಟನ್ನ ಎಲ್ಲಿಗೆ ಹೊತ್ಕಂಡು ಹೋಗ್ತಾಳೆ ಹೇಳು? ಸರ್ಕಾರ ಅವಳ ಕೈಗೆ ಸಿಗುತ್ತಾ? ನಾನಾದ್ರೆ ಸಿಗ್ತೀನಿ."